ಮೂಳೆ ನೋವಿಗೆ ಕೊಡುವ ಕರೆಂಟ್: ಅಡ್ಡಪರಿಣಾಮ ತಗ್ಗಿಸುವ ಬಗೆ

ಮೈಸೂರಿನ ಈಶಾನ್ಯ ಭಾಗದ ಕೆಸರೆಯಲ್ಲಿ ಯಾರಾದರೂ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬರುತ್ತಿದ್ದರೆ ಅಕ್ಕಪಕ್ಕದವರು ವಿಚಾರಿಸುವುದು ಹೀಗೆ: ‘ಎಷ್ಟು ಕರೆಂಟ್ ಕೊಟ್ರಂತೆ?’ ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟುಕೊಂಡ ಹೆಸರು ಕರೆಂಟ್. ಮೈಗೆ ವಿದ್ಯುತ್ ಹಾಯಿಸುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ಯಂತ್ರದ ಕೆಳಗೆ ಮಲಗಿದ ಆ ಕೆಲವು ನಿಮಿಷ ಏನೂ ಗೊತ್ತಾಗುವುದೂ ಇಲ್ಲ. ಆದರೂ ಅರ್ಧ ಹೆದರಿಕೆ ಆ ಹೆಸರಿನಿಂದಲೇ ಬರುತ್ತದೆ.

ಕ್ಯಾನ್ಸರ್ ಮೂಳೆಗೆ ಹರಡಿದಾಗ ಕೊಡುವ ಕರೆಂಟಿನ ಉದ್ದೇಶವೇ ಬೇರೆ. ರೋಗವನ್ನು ಪೂರ್ತಿ ವಾಸಿಮಾಡುತ್ತೇವೆಂದು ವೈದ್ಯರು ಇಲ್ಲಿ ಹೇಳುವುದಿಲ್ಲ. ರಾತ್ರಿ ನಿದ್ದೆ ಬರಬೇಕು, ಮಗ್ಗುಲು ಬದಲಿಸಲು ಆಗಬೇಕು, ಬಚ್ಚಲಿಗೆ ತಾನೇ ನಡೆದು ಹೋಗಬೇಕು, ಅಷ್ಟೇ. ಇದಕ್ಕೆ ಉಪಶಮನ ವಿಕಿರಣ ಎನ್ನುತ್ತಾರೆ. ನೋವು ಕಳೆಯಲೆಂದು ಮಾಡಿಸಿಕೊಳ್ಳುವ ಚಿಕಿತ್ಸೆ ತಾನೇ ಹೊಸ ಸಂಕಟ ತಂದರೆ ಅದು ಸೋತಂತೆಯೇ. ಹಾಗಾಗಿ ಇಲ್ಲಿ ಅಡ್ಡಪರಿಣಾಮದ ಲೆಕ್ಕಾಚಾರ ಬೇರೆಲ್ಲ ಚಿಕಿತ್ಸೆಗಿಂತ ಬಿಗಿಯಾಗಿರಬೇಕು. ಅದರ ಬಹುಪಾಲು ಯಂತ್ರದ ಕೋಣೆಗೆ ಹೋಗುವ ಮೊದಲೇ ತೀರ್ಮಾನವಾಗುತ್ತದೆ.

ಮೂಳೆಯೊಳಗೆ ಏನಾಗುತ್ತದೆ

ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್: ಮೂಳೆಗೆ ಹೆಚ್ಚಾಗಿ ಹರಡುವುದು ಈ ಐದು ಅಂಗಗಳ ಕ್ಯಾನ್ಸರ್. ಬೆನ್ನೆಲುಬು, ಸೊಂಟದ ಮೂಳೆ, ಪಕ್ಕೆಲುಬು, ತೊಡೆ ಮೂಳೆಯ ಮೇಲ್ಭಾಗ, ತಲೆಬುರುಡೆ ಅವು ಹೆಚ್ಚಾಗಿ ನೆಲೆಸುವ ಜಾಗಗಳು.

ಮೂಳೆ ಸದಾ ಕೆಡವಿ ಕಟ್ಟುತ್ತಿರುವ ಮನೆಯಂತೆ. ಹಳೆಯದನ್ನು ಕರಗಿಸುವ ಜೀವಕೋಶಗಳು ಬೇರೆ, ಹೊಸದನ್ನು ಕಟ್ಟುವ ಜೀವಕೋಶಗಳು ಬೇರೆ. ಕ್ಯಾನ್ಸರ್ ಹೊಕ್ಕರೆ ಸಾಮಾನ್ಯವಾಗಿ ಕೆಡವುವ ಕೋಶಗಳಿಗೆ ಹುರುಪು ಹೆಚ್ಚುತ್ತದೆ. ಅವು ಸುರಿಸುವ ಆಮ್ಲ, ಸುತ್ತಲಿನ ಉರಿಯೂತ, ಮೂಳೆಯ ಹೊರಪದರದ ನರಗಳ ಮೇಲೆ ಬೀಳುವ ಒತ್ತಡ, ಇವೆಲ್ಲ ಸೇರಿ ನೋವಾಗುತ್ತದೆ. ವಿಕಿರಣವು ಕ್ಯಾನ್ಸರ್ ಕೋಶಗಳ ಜೊತೆಗೆ ಈ ಉರಿಯೂತದ ಕೋಶಗಳನ್ನೂ ಕೆಡವುವ ಕೋಶಗಳನ್ನೂ ತಣ್ಣಗಾಗಿಸುತ್ತದೆ. ಗಡ್ಡೆ ಕುಗ್ಗುವ ಮೊದಲೇ ಕೆಲವರಿಗೆ ನೋವು ಇಳಿಯುವುದು ಇದರಿಂದಲೇ. ಆದರೂ ಪೂರ್ತಿ ಗುಣ ಕಾಣಲು ಮೂರು ನಾಲ್ಕು ವಾರ ಬೇಕು. ನೂರು ಜನರಲ್ಲಿ ಸುಮಾರು 60 ಮಂದಿಗೆ ನೋವು ಸಾಕಷ್ಟು ಇಳಿಯುತ್ತದೆ, ಸುಮಾರು ಕಾಲುಭಾಗದವರಿಗೆ ಪೂರ್ತಿ ಹೋಗುತ್ತದೆ. ‘ಕರೆಂಟ್ ಕೊಟ್ಟು ನಾಲ್ಕು ದಿನ ಆಯ್ತು, ಏನೂ ಆಗ್ಲಿಲ್ಲ’ ಎಂದು ಕೈಚೆಲ್ಲಿ ಕೂರುವ ಮನೆಯವರಿಗೆ ಈ ಮೂರು ನಾಲ್ಕು ವಾರದ ಮಾತನ್ನು ಯಾರಾದರೂ ಮೊದಲೇ ಹೇಳಿರಬೇಕು.

ಒಂದು ಕರೆಂಟೋ ಹತ್ತೋ

ವಿಕಿರಣದ ಅಳತೆಗೆ ‘ಗ್ರೇ’ ಎನ್ನುತ್ತಾರೆ. ಬ್ರಿಟಿಷ್ ಭೌತವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರು ಅದಕ್ಕೆ ಬಂದಿದೆ. ಮೂಳೆ ನೋವಿಗೆ ಬಳಕೆಯಲ್ಲಿರುವ ಮುಖ್ಯ ಲೆಕ್ಕಗಳು ಮೂರು: ಒಂದೇ ದಿನ 8 ಗ್ರೇ, ಐದು ದಿನದಲ್ಲಿ ಒಟ್ಟು 20 ಗ್ರೇ, ಹತ್ತು ದಿನದಲ್ಲಿ ಒಟ್ಟು 30 ಗ್ರೇ.

‘ಹತ್ತು ಕೊಟ್ರೆ ಗಟ್ಟಿ, ಒಂದು ಕೊಟ್ರೆ ಕಾಟಾಚಾರ’ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಕೂತಿದೆ. ಬಡವರೆಂದು ಒಂದರಲ್ಲೇ ಮುಗಿಸಿ ಕಳಿಸಿದರು ಎಂದು ನೊಂದುಕೊಳ್ಳುವವರೂ ಇದ್ದಾರೆ. ಆದರೆ ಇದನ್ನು ದೊಡ್ಡ ಮಟ್ಟದಲ್ಲಿ ಹೋಲಿಸಿ ನೋಡಿಯಾಗಿದೆ. ನೆದರ್ಲೆಂಡ್ಸ್‌ನಲ್ಲಿ 1,171 ರೋಗಿಗಳ ಮೇಲೆ ನಡೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ 898 ಮಂದಿಯನ್ನು ಸೇರಿಸಿಕೊಂಡ ಉತ್ತರ ಅಮೆರಿಕದ ಅಧ್ಯಯನದ ಫಲಿತಾಂಶ 2005ರಲ್ಲಿ ಬಂತು. ಎರಡರಲ್ಲೂ ನೋವು ಇಳಿಯುವ ಪ್ರಮಾಣ ಒಂದಕ್ಕೂ ಹಲವಕ್ಕೂ ಹೆಚ್ಚುಕಡಿಮೆ ಒಂದೇ. ಅಡ್ಡಪರಿಣಾಮದಲ್ಲಿ ವ್ಯತ್ಯಾಸ ಕಂಡದ್ದು ಎರಡನೆಯದರಲ್ಲಿ. 2005ರ ಆ ಅಧ್ಯಯನದಲ್ಲಿ, ಗಮನಿಸಲೇಬೇಕಾದ ಮಟ್ಟದ ತಕ್ಷಣದ ತೊಂದರೆ ಹತ್ತು ದಿನ ಪಡೆದವರಲ್ಲಿ ಶೇ 17 ಮಂದಿಗೆ ಆದರೆ ಒಂದು ದಿನ ಪಡೆದವರಲ್ಲಿ ಶೇ 10 ಮಂದಿಗೆ ಆಯಿತು.

ಒಂದೇ ದಿನದ ಚಿಕಿತ್ಸೆಗೂ ಒಂದು ಕೊರತೆ ಇದೆ. ಅದೇ ಜಾಗದಲ್ಲಿ ನೋವು ಮರಳಿ, ಇನ್ನೊಮ್ಮೆ ಕರೆಂಟ್ ಕೊಡಬೇಕಾಗುವುದು ಇದರಲ್ಲಿ ಹೆಚ್ಚು. ಹಲವು ದಿನ ಪಡೆದವರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಮರುಚಿಕಿತ್ಸೆ ಬೇಕಾದರೆ, ಒಂದು ದಿನ ಪಡೆದವರಲ್ಲಿ ಸುಮಾರು 20 ಮಂದಿಗೆ ಬೇಕಾಗುತ್ತದೆ. ಆದರೂ, ತೀರಾ ಬಳಲಿದ ರೋಗಿಯನ್ನು ಹತ್ತು ದಿನ ಎತ್ತಿ ಇಳಿಸಿ ಓಡಾಡಿಸುವ ಕಷ್ಟವನ್ನು ಕಣ್ಣಾರೆ ಕಂಡವರಿಗೆ ಎಂಟಕ್ಕೂ ಇಪ್ಪತ್ತಕ್ಕೂ ಇರುವ ಅಂತರ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಪ್ರಯಾಣವೂ ಒಂದು ಅಡ್ಡಪರಿಣಾಮವೇ. ಅದನ್ನು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಎಲ್ಲರಿಗೂ ಒಂದೇ ಸಾಕೆಂದು ಇದರ ಅರ್ಥವಲ್ಲ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿದ್ದರೆ, ಮೂಳೆಗೆ ರಾಡ್ ಹಾಕುವ ಶಸ್ತ್ರಚಿಕಿತ್ಸೆ ಆಗಿದ್ದರೆ, ಗಡ್ಡೆ ಮೂಳೆಯಿಂದ ಹೊರಬಂದು ದೊಡ್ಡದಾಗಿದ್ದರೆ ವೈದ್ಯರು ಹೆಚ್ಚು ದಿನಗಳನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿರುತ್ತದೆ. ‘ಡಾಕ್ಟ್ರೇ, ಇವರಿಗೆ ಒಂದೇ ಸಲದಲ್ಲಿ ಮುಗಿಸೋಕಾಗುತ್ತಾ? ಆಗದಿದ್ರೆ ಯಾಕೆ?’ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಅದು ವೈದ್ಯರ ಮೇಲಿನ ಅಪನಂಬಿಕೆ ಆಗುವುದಿಲ್ಲ.

ಯಂತ್ರ, ಗುರಿ, ಗುರುತು

ಕರೆಂಟ್ ಕೊಡುವ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದಿಂದ ಗಾಮಾ ಕಿರಣ ಹೊಮ್ಮಿಸುವುದು ಹಳೆಯದು. ವಿದ್ಯುತ್ತಿನಿಂದ ಎಕ್ಸ್-ರೇ ತಯಾರಿಸುವ ಲೀನಿಯರ್ ಆಕ್ಸಲರೇಟರ್ ಈಚಿನದು. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ತಯಾರಿಸುವ ಪೆನೇಸಿಯಾ ಮೆಡಿಕಲ್ ಟೆಕ್ನಾಲಜೀಸ್ ನಮ್ಮ ಬೆಂಗಳೂರಿನ ಕಂಪನಿ. ಮೂಳೆ ನೋವಿನ ಉಪಶಮನಕ್ಕೆ ಕೋಬಾಲ್ಟ್ ಆದರೂ ನಡೆಯುತ್ತದೆ. ಕಿರಣವನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಕರುಳು, ಅನ್ನನಾಳಗಳನ್ನು ತಪ್ಪಿಸುವುದು ಲೀನಿಯರ್ ಆಕ್ಸಲರೇಟರಿನಲ್ಲಿ ಸುಲಭ.

ಸಿಟಿ ಸ್ಕ್ಯಾನ್ ನೋಡಿ ಗುರಿ ಹಿಡಿದ ಮೇಲೆ ಚರ್ಮದ ಮೇಲೆ ಗುರುತು ಹಾಕುತ್ತಾರೆ. ಚಿಕಿತ್ಸೆ ಮುಗಿಯುವವರೆಗೆ ಅದನ್ನು ಉಜ್ಜಿ ಅಳಿಸಬಾರದು. ಮಲಗಿದ ಮೇಲೆ ಅಲುಗಾಡಿದರೆ ಗುರಿ ತಪ್ಪುತ್ತದೆ, ಆದರೆ ನೋವಿರುವವರಿಗೆ ಗಟ್ಟಿ ಹಲಗೆಯ ಮೇಲೆ ಅಲುಗದೆ ಮಲಗುವುದು ಸುಲಭವಲ್ಲ. ಬೇಗ ಕೆಲಸಮಾಡುವ ನೋವಿನ ಔಷಧದ ಒಂದು ಡೋಸನ್ನು ಅರ್ಧ ಮುಕ್ಕಾಲು ಗಂಟೆ ಮೊದಲು ಕೊಡಬಹುದೇ ಎಂದು ಕೇಳಿಟ್ಟುಕೊಳ್ಳಿ.

ಹೊರಗಿನಿಂದ ಕೊಡುವ ಈ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಅಜ್ಜಿ ಮೊಮ್ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು, ಅವರ ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಸ್ಟ್ರಾನ್ಷಿಯಂ, ಲುಟೀಷಿಯಂನಂಥ ವಿಕಿರಣಶೀಲ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದಾಗ ಮಾತ್ರ ಕೆಲವು ದಿನ ಬೇರೆ ಎಚ್ಚರಿಕೆಗಳು ಇರುತ್ತವೆ. ಎರಡನ್ನೂ ಕಲಸಿಕೊಂಡು ಮನೆಯ ಹಿರಿಯರನ್ನು ಮೂಲೆಗೆ ಸರಿಸಬಾರದು.

ನೋವು ಒಮ್ಮೆ ಕೆರಳುತ್ತದೆ

ಮನೆಯವರನ್ನು ಹೆಚ್ಚು ಗಾಬರಿಪಡಿಸುವ ಅಡ್ಡಪರಿಣಾಮ ಇದು. ಕರೆಂಟ್ ಕೊಟ್ಟ ಒಂದೆರಡು ದಿನದಲ್ಲಿ, ಕೆಲವರಿಗೆ ಹತ್ತು ದಿನದೊಳಗೆ ಯಾವಾಗಲಾದರೂ, ನೋವು ಇದ್ದದ್ದಕ್ಕಿಂತ ಹೆಚ್ಚಾಗುತ್ತದೆ. ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂದುಕೊಳ್ಳಬಹುದು. ಮೂಳೆಯ ಹೊರಪದರ ತಾತ್ಕಾಲಿಕವಾಗಿ ಊದಿಕೊಳ್ಳುವುದು ಇದಕ್ಕೆ ಕಾರಣ ಎನ್ನುತ್ತಾರೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ. ರೋಗ ಹೆಚ್ಚಾಯಿತೆಂದಾಗಲಿ ಚಿಕಿತ್ಸೆ ಫಲಿಸಲಿಲ್ಲವೆಂದಾಗಲಿ ಇದರಿಂದ ತಿಳಿಯಬೇಕಿಲ್ಲ.

ಇದಕ್ಕೆ ಪರೀಕ್ಷಿಸಿ ನೋಡಿದ ತಡೆ ಡೆಕ್ಸಾಮೆಥಾಸೋನ್ ಮಾತ್ರೆ. ಕೆನಡಾದ 23 ಕೇಂದ್ರಗಳಲ್ಲಿ 298 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ಗ್ರೇ ಕೊಡುವುದಕ್ಕೆ ಒಂದು ಗಂಟೆಯಾದರೂ ಮೊದಲು 8 ಮಿಲಿಗ್ರಾಂ, ಆಮೇಲೆ ನಾಲ್ಕು ದಿನ ದಿನಕ್ಕೊಮ್ಮೆ ಅಷ್ಟೇ ಪ್ರಮಾಣ ಕೊಟ್ಟರು. ನೋವು ಕೆರಳಿದವರು ಹುಸಿಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಶೇ 35, ಈ ಮಾತ್ರೆಯ ಗುಂಪಿನಲ್ಲಿ ಶೇ 26. ಪೂರ್ತಿ ತಡೆಯಲಿಲ್ಲ, ಕಡಿಮೆಮಾಡಿತು.

ಆದರೆ ಇದು ಸ್ಟೀರಾಯ್ಡ್. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುತ್ತದೆ, ಆ ಐದು ದಿನ ಗ್ಲುಕೋಮೀಟರಿನಲ್ಲಿ ಹೆಚ್ಚು ಸಲ ನೋಡಬೇಕು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಅಪಾಯ ಇದೆ. ಸಂಜೆ ನುಂಗಿದರೆ ನಿದ್ದೆ ಕೆಡುತ್ತದೆ, ಆದ್ದರಿಂದ ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಬೇಕು. ರಂಜಾನ್ ಉಪವಾಸ ಹಿಡಿಯುವವರು, ಏಕಾದಶಿ ಮಾಡುವವರು ಆ ದಿನಗಳಲ್ಲಿ ಉಪವಾಸ ಬಿಡುವುದೇ ಮೇಲು. ಕಾಯಿಲೆಯವರಿಗೆ ಎರಡು ಕಡೆಯ ಧರ್ಮದಲ್ಲೂ ವಿನಾಯಿತಿ ಇದೆ. ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವೈದ್ಯರೇ ನಿರ್ಧರಿಸಬೇಕು. ಬೇಡವಾದವರ ಮನೆಯಲ್ಲಿ ಕೆರಳಿದ ನೋವಿಗೆಂದೇ ಹೆಚ್ಚುವರಿ ಡೋಸಿನ ಔಷಧ ಮೊದಲೇ ತಂದಿಟ್ಟಿರಬೇಕು. ರಾತ್ರಿ ಹನ್ನೊಂದಕ್ಕೆ ನೋವು ಏರಿದಾಗ ಮೆಡಿಕಲ್ ಸ್ಟೋರ್ ಹುಡುಕುವಂತಾಗಬಾರದು.

ಯಾವ ಮೂಳೆಗೆ, ಯಾವ ತೊಂದರೆ

ಸುಸ್ತೊಂದನ್ನು ಬಿಟ್ಟರೆ, ಕಿರಣ ತಾಗಿದ ಜಾಗದಲ್ಲಿ ಮಾತ್ರ ತೊಂದರೆ ಕಾಣುತ್ತದೆ. ಕಾಲಿಗೆ ಕೊಟ್ಟರೆ ತಲೆಗೂದಲು ಉದುರುವುದಿಲ್ಲ. ಹೀಗಾಗಿ ‘ಕರೆಂಟ್ ಕೊಟ್ರೆ ಏನಾಗುತ್ತೆ?’ ಎಂದು ಕೇಳುವ ಬದಲು ‘ಈ ಜಾಗಕ್ಕೆ ಕೊಟ್ರೆ ದಾರಿಯಲ್ಲಿ ಏನೇನು ಸಿಗುತ್ತೆ?’ ಎಂದು ಕೇಳಿದರೆ ಉಪಯೋಗದ ಉತ್ತರ ಸಿಗುತ್ತದೆ.

ಎದೆಮಟ್ಟದ ಬೆನ್ನೆಲುಬಿಗೆ ಕೊಟ್ಟಾಗ ಅದರ ಮುಂದೆಯೇ ಇರುವ ಅನ್ನನಾಳ ಉರಿಯುತ್ತದೆ. ಒಂದೆರಡು ವಾರದ ಹೊತ್ತಿಗೆ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ. ನಮ್ಮ ಕಡೆಯವರು ಮುದ್ದೆಯನ್ನು ಅಗಿಯದೆ ನುಂಗುವವರು. ಆ ದಿನಗಳಲ್ಲಿ ಇಡೀ ತುತ್ತು ಇಳಿಯುವಾಗ ಕಣ್ಣಲ್ಲಿ ನೀರು ಬರುತ್ತದೆ. ರಾಗಿ ಬಿಡಬೇಕಾಗಿಲ್ಲ, ಅದನ್ನೇ ತೆಳ್ಳಗೆ ಅಂಬಲಿಯಾಗಿ ಉಗುರುಬೆಚ್ಚಗೆ ಕೊಟ್ಟರಾಯಿತು. ಮೆತ್ತಗಿನ ಅನ್ನಕ್ಕೆ ಮೊಸರು, ಬೇಯಿಸಿ ಕಿವುಚಿದ ಬೇಳೆ, ಮಾಗಿದ ಬಾಳೆಹಣ್ಣು ಇಳಿಯುತ್ತವೆ. ಹುಳಿ, ಖಾರ, ಸುಡುಬಿಸಿ ಕಾಫಿ, ಬೀಡಿ, ಹೆಂಡ ಉರಿ ಹೆಚ್ಚಿಸುತ್ತವೆ. ಊಟಕ್ಕೆ ಮೊದಲು ಕುಡಿಯುವ ಔಷಧಗಳಿವೆ, ಕೇಳಿ ಪಡೆಯಬೇಕು.

ಹೊಟ್ಟೆಮಟ್ಟದ ಬೆನ್ನೆಲುಬಿಗೆ 8 ಗ್ರೇ ಒಂದೇ ಸಲ ಬಿದ್ದರೆ ಕೆಲವು ಗಂಟೆಯೊಳಗೆ ವಾಂತಿ ಬರಬಹುದು. ಇದನ್ನು ತಡೆಯುವುದು ಸುಲಭ. ಆಂಡಾನ್‌ಸೆಟ್ರಾನ್ ಮಾತ್ರೆಯನ್ನು ಮೊದಲೇ ಕೊಟ್ಟಿರಬೇಕು, ವಾಂತಿ ಶುರುವಾದ ಮೇಲೆ ಕೊಡುವುದರಿಂದ ಅಷ್ಟು ಪ್ರಯೋಜನವಿಲ್ಲ. ಹಸಿದ ಹೊಟ್ಟೆಯಲ್ಲೂ ಹೋಗಬಾರದು, ಹೊಟ್ಟೆ ಬಿರಿಯ ತಿಂದೂ ಹೋಗಬಾರದು. ಎರಡು ಇಡ್ಲಿ ಸಾಕು.

ಸೊಂಟದ ಮೂಳೆಗೆ ಕೊಟ್ಟವರಿಗೆ ಕೆಲವು ದಿನ ಭೇದಿ, ಉರಿಮೂತ್ರ. ಓಆರ್‌ಎಸ್, ಉಪ್ಪು ಹಾಕಿದ ತೆಳು ಮಜ್ಜಿಗೆ, ಗಂಜಿ ನಡೆಯುತ್ತವೆ; ಸೊಪ್ಪು, ಕಾಳು, ಹಾಲು ಸ್ವಲ್ಪ ದಿನ ದೂರವಿರಲಿ. ಇಲ್ಲೊಂದು ಸಣ್ಣ ತಪ್ಪು ಮನೆಮನೆಯಲ್ಲಿ ಆಗುತ್ತದೆ. ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆಗೆಂದು ಭೇದಿಮಾತ್ರೆ ಬರೆದಿರುತ್ತಾರೆ. ಕರೆಂಟಿನ ಭೇದಿ ಶುರುವಾದ ಮೇಲೂ ಅದನ್ನು ಹಾಗೇ ಕೊಡುತ್ತಾ ಹೋಗುತ್ತಾರೆ. ವೈದ್ಯರಿಗೆ ಫೋನ್ ಮಾಡಿ ಆ ದಿನಗಳಿಗೆ ಅದನ್ನು ನಿಲ್ಲಿಸಬೇಕು, ಭೇದಿ ನಿಂತ ಮೇಲೆ ಮತ್ತೆ ಶುರುಮಾಡಬೇಕು.

ಕತ್ತು, ದವಡೆಯ ಹತ್ತಿರ ಕೊಟ್ಟರೆ ಬಾಯಿ ಒಣಗುತ್ತದೆ. ತಲೆಬುರುಡೆಗೆ ಕೊಟ್ಟ ಜಾಗದಲ್ಲಿ ಕೂದಲು ಉದುರುತ್ತದೆ. ಸೊಂಟ, ಬೆನ್ನೆಲುಬಿನ ದೊಡ್ಡ ಭಾಗಕ್ಕೆ ಕಿರಣ ಬಿದ್ದರೆ ಒಳಗಿನ ಮಜ್ಜೆಯ ಕೆಲಸ ಕುಗ್ಗಿ ರಕ್ತದ ಕಣ ಕಡಿಮೆಯಾಗಬಹುದು. ಕೀಮೋ ಕೂಡ ನಡೆಯುತ್ತಿದ್ದರೆ ಎರಡರ ನಡುವಿನ ಅಂತರ ಎಷ್ಟಿರಬೇಕೆಂದು ಇಬ್ಬರು ವೈದ್ಯರೂ ಮಾತಾಡಿಕೊಂಡಿರಬೇಕು.

ಉಪಶಮನದ ಪ್ರಮಾಣದಲ್ಲಿ ಚರ್ಮಕ್ಕೆ ಆಗುವುದು ಕಡಿಮೆ. ನಮ್ಮ ಮೈಬಣ್ಣದಲ್ಲಿ ಅದು ಕೆಂಪಿಗಿಂತ ಕಪ್ಪಾಗಿ ಕಾಣುತ್ತದೆ. ಉಗುರುಬೆಚ್ಚಗಿನ ನೀರು, ಮೃದು ಸೋಪು ಸಾಕು, ಉಜ್ಜದೆ ಒರೆಸಬೇಕು. ಆ ಜಾಗಕ್ಕೆ ಅಮೃತಾಂಜನ, ಬಿಸಿನೀರಿನ ಶಾಖ, ಹರಳೆಣ್ಣೆ ತಿಕ್ಕುವುದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ನೋವಿರುವ ಮೂಳೆಯನ್ನು ನೀವಿಸುವುದು, ‘ಪುತ್ತೂರು ಕಟ್ಟು’ ಹಾಕಿಸುವುದು ಖಂಡಿತ ಬೇಡ. ಕ್ಯಾನ್ಸರ್ ತಿಂದ ಮೂಳೆ ಒತ್ತಿದರೆ ಮುರಿಯಬಹುದು.

ಸುಸ್ತು ಎಲ್ಲರಿಗೂ ಸ್ವಲ್ಪ ಇದ್ದೇ ಇರುತ್ತದೆ. ಹಗಲೆಲ್ಲ ಮಲಗಿಸುವುದಕ್ಕಿಂತ ವೈದ್ಯರು ಒಪ್ಪಿದಷ್ಟು ನಡೆಸುವುದು ಒಳ್ಳೆಯದು.

ನೋವು ಹೋಯಿತು, ಮೂಳೆ ಗಟ್ಟಿಯಾಗಿಲ್ಲ

ನೋವು ಇಳಿಯಲು ವಾರಗಳು ಸಾಕು, ಮೂಳೆಯಲ್ಲಿ ಸುಣ್ಣ ಮತ್ತೆ ತುಂಬಲು ತಿಂಗಳುಗಳು ಬೇಕು. ಈ ನಡುವಿನ ಕಾಲ ಅಪಾಯದ್ದು. ನೋವಿಲ್ಲವೆಂಬ ಖುಷಿಯಲ್ಲಿ ಅವ್ವ ಎದ್ದು ಬಿಂದಿಗೆ ಎತ್ತುತ್ತಾರೆ, ಅಪ್ಪ ಗಾಡಿ ಸ್ಟ್ಯಾಂಡ್ ಹಾಕುತ್ತಾರೆ, ತೊಡೆ ಮೂಳೆ ಲಟಕ್ಕನೆ ಮುರಿಯುತ್ತದೆ. ಆದ್ದರಿಂದ ಎರಡು ಮೂರು ತಿಂಗಳು ಭಾರ ಎತ್ತುವುದು, ಕುಕ್ಕರುಗಾಲಲ್ಲಿ ಕೂರುವುದು, ಸೊಂಟ ತಿರುಚುವುದು ಬೇಡ. ಕಮೋಡ್ ಕುರ್ಚಿ, ವಾಕರ್, ಬಚ್ಚಲಲ್ಲಿ ಜಾರದ ಮ್ಯಾಟ್, ಗೋಡೆಗೊಂದು ಹಿಡಿಕೆ ಸಿದ್ಧವಿರಲಿ. ಹಾಸಿಗೆಯಿಂದ ಏಳಿಸುವಾಗ ತೋಳು ಹಿಡಿದು ಎಳೆಯಬಾರದು, ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕು.

ಮುರಿಯುವಂತಿರುವ ಮೂಳೆಯನ್ನು ಮೊದಲೇ ಗುರುತಿಸಲು ಹಿಲ್ಟನ್ ಮಿರೆಲ್ಸ್ 1989ರಲ್ಲಿ ಒಂದು ಅಂಕಪಟ್ಟಿ ಮಾಡಿದರು. ಜಾಗ, ನೋವಿನ ಬಗೆ, ಎಕ್ಸ್-ರೇಯಲ್ಲಿ ಕಾಣುವ ರೂಪ, ಗಾತ್ರ, ಈ ನಾಲ್ಕಕ್ಕೂ ಅಂಕ ಕೊಟ್ಟು ಕೂಡಿದಾಗ ಒಂಬತ್ತು ದಾಟಿದರೆ, ಅಥವಾ ಒಂಬತ್ತೇ ಬಂದರೂ, ಕರೆಂಟಿಗಿಂತ ಮೊದಲು ರಾಡ್ ಹಾಕಿ ಭದ್ರಪಡಿಸುವುದು ಒಳಿತು ಎಂಬುದು ಅದರ ಸೂಚನೆ. ಕಾಲಿಟ್ಟು ನಿಂತ ಕೂಡಲೇ ನೋವು ಹೆಚ್ಚುವುದಾದರೆ ಮೂಳೆ ವೈದ್ಯರಿಗೂ ಒಮ್ಮೆ ತೋರಿಸಬೇಕು.

ಮೂಳೆ ಕರಗುವುದನ್ನು ತಡೆಯುವ ಜೋಲೆಡ್ರಾನಿಕ್ ಆಮ್ಲದ ಇಂಜೆಕ್ಷನ್ ಹಲವರಿಗೆ ಕೊಡುತ್ತಾರೆ. ಕೊಡುವ ಮೊದಲು ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಿರಬೇಕು, ಹಲ್ಲಿನ ಡಾಕ್ಟರಿಗೆ ತೋರಿಸಿರಬೇಕು. ಇಂಜೆಕ್ಷನ್ ನಡೆಯುತ್ತಿರುವಾಗ ಹಲ್ಲು ಕೀಳಿಸಿದರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ. ಮೊದಲ ಡೋಸಿನ ಮರುದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ.

ಬೆಳಗಾಗಲಿ ಎಂದು ಕಾಯಬಾರದ ಲಕ್ಷಣಗಳು

ಕಾಲು ಸೋಲುವುದು, ಸೊಂಟದ ಕೆಳಗೆ ಜೋಮು, ಒಂದಕ್ಕೆ ಕಟ್ಟಿಕೊಳ್ಳುವುದು ಅಥವಾ ಎರಡಕ್ಕೆ ಹೋದದ್ದು ಗೊತ್ತಾಗದಿರುವುದು, ಎದೆಗೆ ಪಟ್ಟಿ ಬಿಗಿದಂಥ ಬೆನ್ನುನೋವು: ಇವು ಬೆನ್ನುಹುರಿ ಒತ್ತುತ್ತಿರುವ ಸೂಚನೆ. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಹೆಚ್ಚಾಗಿ ನಡೆಯುತ್ತಲೇ ಇರುತ್ತಾರೆ, ಕಾಲು ಪೂರ್ತಿ ಬಿದ್ದ ಮೇಲೆ ಮತ್ತೆ ನಿಲ್ಲುವವರು ಕಡಿಮೆ. ಅದೇ ರಾತ್ರಿ ಹೊರಡಬೇಕು. ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಪರು, ತಡಬಡ ಮಾತು ಒಟ್ಟಿಗೆ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಕೀಮೋ ನಡೆಯುತ್ತಿರುವವರಿಗೆ ಜ್ವರ ಬಂದರೆ ಅದೂ ತುರ್ತೇ.

ಮಾರ್ಫಿನ್

ಕರೆಂಟ್ ಕೆಲಸ ಶುರುಮಾಡುವವರೆಗಿನ ವಾರಗಳನ್ನು ದಾಟಿಸುವ ದೋಣಿ ಇದು. 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದ ನಮ್ಮ ದೇಶದಲ್ಲಿ ಇದು ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿಯ ಮೇಲೆ ನಿಯಮ ಸಡಿಲಾಯಿತು, ಮನಸ್ಸು ಇನ್ನೂ ಸಡಿಲಾಗಿಲ್ಲ. ‘ಅದು ಕೊಟ್ರೆ ಮುಗೀತು ಅಂತ ಅರ್ಥ’ ಎಂದು ಮಾತ್ರೆಯನ್ನು ಡಬ್ಬಿಯಲ್ಲೇ ಮುಚ್ಚಿಡುವವರಿದ್ದಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಗಂಟೆ ತಪ್ಪದೆ ಕೊಟ್ಟರೆ ಅದು ಆಯುಷ್ಯ ಕಡಿಯುವುದಿಲ್ಲ. ಮಲಬದ್ಧತೆ ಖಂಡಿತ ಬರುತ್ತದೆ, ಹಾಗಾಗಿ ಅದರ ಔಷಧವನ್ನೂ ಮೊದಲ ದಿನದಿಂದಲೇ ಶುರುಮಾಡಬೇಕು. ಮೂರು ನಾಲ್ಕು ವಾರದ ಮೇಲೆ ನೋವು ಇಳಿದಾಗ ಹಳೆಯ ಡೋಸೇ ಹೆಚ್ಚಾಗಿ ಮಂಪರು ಬರುತ್ತದೆ. ಆಗ ವೈದ್ಯರನ್ನು ಕೇಳಿ ಮೆಲ್ಲಮೆಲ್ಲಗೆ ಇಳಿಸಬೇಕು, ಒಂದೇ ದಿನಕ್ಕೆ ನಿಲ್ಲಿಸಬಾರದು.

ಕೆಸರೆಯಿಂದ ಆಸ್ಪತ್ರೆಗೆ

ಕ್ಯಾನ್ಸರ್ ಚಿಕಿತ್ಸೆಗೆಂದೇ ಇರುವ ಭಾರತ್ ಆಸ್ಪತ್ರೆ ಮೈಸೂರಿನ ಹೆಬ್ಬಾಳದ ಹೊರವರ್ತುಲ ರಸ್ತೆಯಲ್ಲಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗುವವರೂ ಇದ್ದಾರೆ. 1973ರಲ್ಲಿ ಶುರುವಾದ ಅದು 1980ರಿಂದ ಸ್ವಾಯತ್ತ ಸಂಸ್ಥೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಓಡಾಡಲಾಗದವರ ಮನೆಗೇ ಹೋಗಿ ಉಪಶಮನ ಆರೈಕೆ ಕೊಡುವ ಕೆಲಸವನ್ನು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೈಸೂರಿನಲ್ಲಿ ಮಾಡುತ್ತಾ ಬಂದಿದೆ.

ಬೆನ್ನೆಲುಬಿನ ರೋಗಿಗೆ ಆಟೊ ಹಿಡಿಯಬಾರದು. ಪ್ರತಿ ಹಂಪ್ ಬೆನ್ನಿಗೇ ಬಡಿಯುತ್ತದೆ. ಸೀಟು ಹಿಂದಕ್ಕೆ ಬಾಗುವ ಕಾರು, ಸೊಂಟಕ್ಕೊಂದು ದಿಂಬು, ನಿಧಾನ ಓಡಿಸುವ ಡ್ರೈವರ್ ಬೇಕು. ಸಿಟಿ ಸ್ಕ್ಯಾನ್, ಚಿಕಿತ್ಸೆಯ ಯೋಜನೆ, ಕರೆಂಟ್ ಮೂರನ್ನೂ ಒಂದೇ ದಿನ ಮುಗಿಸಲು ಸಾಧ್ಯವೇ ಎಂದು ಮೊದಲೇ ಫೋನಿನಲ್ಲಿ ಕೇಳಬಹುದು.

ಎರಡನೇ ಸಲ

ಮೊದಲ ಸಲದಿಂದ ಕನಿಷ್ಠ ನಾಲ್ಕು ವಾರ ಕಳೆದಿದ್ದರೆ ಅದೇ ಜಾಗಕ್ಕೆ ಇನ್ನೊಮ್ಮೆ ಕೊಡಬಹುದು. ಹಾಗೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗುಣ ಕಾಣುತ್ತದೆ. ಬೆನ್ನುಹುರಿ ಜೀವಮಾನದಲ್ಲಿ ಇಷ್ಟೇ ವಿಕಿರಣ ತಡೆಯುತ್ತದೆ ಎಂಬ ಮಿತಿ ಇರುವುದರಿಂದ, ಎರಡನೇ ವೈದ್ಯರಿಗೆ ಮೊದಲಿನ ಲೆಕ್ಕ ಗೊತ್ತಿರಲೇಬೇಕು. ಡಿಸ್ಚಾರ್ಜ್ ದಿನವೇ ಆ ಲೆಕ್ಕದ ಚೀಟಿ ಬರೆಸಿಕೊಳ್ಳಿ: ಯಾವ ಮೂಳೆ, ಬೆನ್ನೆಲುಬಾದರೆ ಎಷ್ಟನೇ ಕಶೇರುವಿನಿಂದ ಎಷ್ಟನೆಯದರವರೆಗೆ, ಎಷ್ಟು ಗ್ರೇ, ಎಷ್ಟು ದಿನ, ಯಾವ ತಾರೀಖು. ಒಂದು ಜೆರಾಕ್ಸ್ ರೇಷನ್ ಕಾರ್ಡಿನ ಜೊತೆ ಕವರಿನಲ್ಲಿರಲಿ, ಒಂದು ಫೋಟೊ ಮಗನದೋ ಮಗಳದೋ ಫೋನಿನಲ್ಲಿರಲಿ.